ಹಲ್ಲಿಗೆ ಕಿರುಗುಟ್ಟುವ ಹಲ್ಲೂಮಿ

ಮೊದಲ ಸಲ ಹಲ್ಲೂಮಿ ಎಂಬ ಚೀಸ್ ಹುರಿದಾಗ ಮಾಡಬಾರದ್ದನ್ನೆಲ್ಲ ಮಾಡಿದ್ದೆ. ಪೊಟ್ಟಣ ಒಡೆದವಳೇ, ಉಪ್ಪುನೀರು ತೊಟ್ಟಿಕ್ಕುತ್ತಿದ್ದ ಚೀಸನ್ನು ತೆಳ್ಳಗೆ ಹೋಳು ಮಾಡಿ, ಬಾಣಲೆಗೆ ಧಾರಾಳವಾಗಿ ಎಣ್ಣೆ ಸುರಿದು, ಎಲ್ಲವನ್ನೂ ಒಟ್ಟಿಗೆ ತುರುಕಿದೆ. ಎಣ್ಣೆ ಮುಂಗೈಗೆಲ್ಲ ಸಿಡಿಯಿತು. ಅರ್ಧ ಹೋಳುಗಳು ಎರಡಾಗಿ ಸೀಳಿದವು, ಉಳಿದವು ತಮ್ಮದೇ ನೀರಿನಲ್ಲಿ ಬೆಂದು ಬೆಳ್ಳಗೆ ಕುಳಿತವು.

ಎಡವಿದ್ದೆಲ್ಲಿ ಎಂದು ತಿಳಿದದ್ದು ಈ ಚೀಸನ್ನು ಮಾಡುವ ಬಗೆ ತಿಳಿದ ಮೇಲೆ. ಇದು ಸೈಪ್ರಸ್ ದ್ವೀಪದ್ದು. ಕುರಿ ಮತ್ತು ಮೇಕೆಯ ಹಾಲಿನದು, ಈಗ ಹಸುವಿನ ಹಾಲೂ ಸೇರುತ್ತದೆ. ಹಾಲು ಒಡೆಸಿ, ಒತ್ತಿ ಕಟ್ಟಿದ ಗಟ್ಟಿಯನ್ನು ಅದರದೇ ಹಾಲೊಡಕಿನಲ್ಲಿ 90 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಬೇಯಿಸುತ್ತಾರೆ. ಹುಳಿಯೂ ಕಡಿಮೆಯಾದ್ದರಿಂದ ಒಳಗಿನ ಪ್ರೋಟೀನಿನ ಹೆಣಿಗೆ ಸಡಿಲುವುದಿಲ್ಲ, ಚೀಸ್ ಕರಗಿ ಹರಿಯುವುದಿಲ್ಲ. ಆಮೇಲೆ ಉಪ್ಪು, ಪುದೀನ ಹಾಕಿ ಪುಸ್ತಕದಂತೆ ಮಡಚುತ್ತಾರೆ. ನನ್ನ ಹೋಳುಗಳು ಸೀಳಿದ್ದು ಆ ಮಡಿಕೆಯಲ್ಲೇ. ಅಂದರೆ ಈ ಚೀಸ್ ಒಮ್ಮೆ ಬೆಂದೇ ಬಂದಿರುತ್ತದೆ. ಬಾಣಲೆ ಕೊಡಬೇಕಾದದ್ದು ಬಣ್ಣವನ್ನು ಮಾತ್ರ, ಅದಕ್ಕೆ ಅಡ್ಡ ನಿಲ್ಲುವುದು ನೀರು.

ಈಗ ಗಟ್ಟಿಯನ್ನು ಮೊದಲು ಬಟ್ಟೆಯಲ್ಲಿ ಒತ್ತಿ ಒರೆಸುತ್ತೇನೆ. ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಹೋಳುಗಳನ್ನೂ ಮತ್ತೊಮ್ಮೆ ಒರೆಸುತ್ತೇನೆ. ತೀರಾ ಉಪ್ಪೆನಿಸಿದರೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸುವುದುಂಟು. ಆಗ ಒರೆಸುವ ಕೆಲಸ ಇನ್ನೂ ಮುಖ್ಯ. ಅಂಟದ ಬಾಣಲೆಯಾದರೆ ಎಣ್ಣೆಯೇ ಬೇಡ. ಕಬ್ಬಿಣದ್ದಾದರೆ ಒಂದೆರಡು ಹನಿ ಸವರಿದರೆ ಸಾಕು.

ಮಧ್ಯಮ ಉರಿಯಲ್ಲಿ ಬಾಣಲೆ ಚೆನ್ನಾಗಿ ಕಾದ ಮೇಲೆ ಹೋಳುಗಳನ್ನು ನಡುವೆ ಜಾಗ ಬಿಟ್ಟು ಇಡಬೇಕು. ಎಷ್ಟೇ ಒರೆಸಿದರೂ ಅಂಚಿನಿಂದ ಹಾಲುಬಣ್ಣದ ನೀರು ಜಿನುಗಿ ಚುರ್ರೆನ್ನುತ್ತದೆ. ಆಗ ಚಮಚ ಹಿಡಿದ ಕೈ ಸುಮ್ಮನಿರುವುದೇ ಕಷ್ಟ! ಆ ನೀರು ಇಂಗಿ, ಸದ್ದು ಸಣ್ಣದಾಗಿ, ಅಂಚಿನಲ್ಲಿ ಕಂದುಗೆರೆ ಮೂಡುವವರೆಗೂ ಮುಟ್ಟಬಾರದು. ಅವಸರಪಟ್ಟು ಎತ್ತಿದರೆ ಹೊಂಬಣ್ಣದ ಪದರವೆಲ್ಲ ಬಾಣಲೆಗೇ ಅಂಟಿಕೊಂಡಿರುತ್ತದೆ; ಕಾದರೆ ಹೋಳು ತಾನಾಗಿ ಬಿಟ್ಟುಕೊಡುತ್ತದೆ. ಮೊದಲ ಮಗ್ಗುಲಿಗೆ ಎರಡು ಮೂರು ನಿಮಿಷ, ಮಗುಚಿದ ಮೇಲೆ ಇನ್ನೂ ಕಡಿಮೆ.

ಬಡಿಸುವುದರಲ್ಲಿ ತಡ ಸಲ್ಲದು. ಬಿಸಿಯಿದ್ದಾಗ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕಚ್ಚಿದರೆ ಹಲ್ಲಿಗೆ ತುಸುವೇ ಕಿರುಗುಟ್ಟುತ್ತದೆ. ಹೆಸರಿನಲ್ಲೇ ಹಲ್ಲು ಇದೆಯಲ್ಲ ಎಂದು ನನಗೆ ನಗು. ಆರಿದರೆ ಅದೇ ಹೋಳು ರಬ್ಬರು. ಒಮ್ಮೆ ಅತಿಥಿಗಳು ಬರುವ ಮೊದಲೇ ಹುರಿದು ಮುಚ್ಚಿಟ್ಟೆ. ಹಬೆಗೆ ಗರಿಯೂ ಹೋಯಿತು, ಪಾಪ, ಅವರು ಅಗಿದೇ ಅಗಿದರು. ಈಗ ತಟ್ಟೆ, ಪುದೀನ, ನಿಂಬೆಹೋಳು ಎಲ್ಲ ಸಿದ್ಧವಾಗಿ, ಜನ ಕುಳಿತ ಮೇಲಷ್ಟೇ ಒಲೆ ಹಚ್ಚುತ್ತೇನೆ. ನಿಂಬೆ ಹಿಂಡುವುದು ತಟ್ಟೆಯಲ್ಲಿ. ಬಾಣಲೆಯಲ್ಲಿ ಹಿಂಡಿದರೆ ಪದರ ನೆನೆಯುತ್ತದೆ.

ಜೊತೆಗೆ ಸೈಪ್ರಸ್‌ನವರು ಬೇಸಿಗೆಯಲ್ಲಿ ತಿನ್ನುವಂತೆ ಕಲ್ಲಂಗಡಿ. ಜೇನು ಸುರಿಯುವವರೂ ಇದ್ದಾರೆ, ನನಗೆ ಅದು ಒಗ್ಗಲಿಲ್ಲ. ತಣ್ಣನೆಯ ಹಣ್ಣಿನ ಸಿಹಿಯೇ ಉಪ್ಪಿಗೆ ಸರಿಯಾದ ಜೋಡಿ. ಒಂದು ಸಲಕ್ಕೆ ನಾಲ್ಕು ಹೋಳಿಗಿಂತ ಹೆಚ್ಚು ಹುರಿಯುವುದಿಲ್ಲ. ಮೊದಲ ಸರದಿಯದು ಮುಗಿಯುವ ಹೊತ್ತಿಗೆ ಎರಡನೆಯದು ಬಾಣಲೆಯಿಂದ ನೇರ ತಟ್ಟೆಗೆ.