ಬ್ರೆಕ್ಸಿಟ್ ನಂತರ ಸರಕಿನ ಮೂಲವನ್ನು ನಿರ್ಧರಿಸುವ, ನಮೂದಿಸುವ ಕ್ರಮ

ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ ಸುಂಕವಿಲ್ಲ ಎಂಬ ಮಾತನ್ನು ನಂಬಿ ಸರಕು ಕಳುಹಿಸುವ ವ್ಯಾಪಾರಿ ಒಂದು ಷರತ್ತನ್ನು ಮರೆಯಬಾರದು. 2021ರ ಜನವರಿ 1ರಿಂದ ಅನ್ವಯವಾಗುತ್ತಿರುವ ವ್ಯಾಪಾರ ಮತ್ತು ಸಹಕಾರ ಒಪ್ಪಂದದಡಿ ಈ ವಿನಾಯಿತಿ ಸಿಗುವುದು ಸರಕಿನ ಮೂಲದ (ಅದು ಯಾವ ದೇಶದ್ದು ಎಂಬುದರ) ಕುರಿತ ಒಪ್ಪಂದದ ನಿಯಮಗಳನ್ನು ಪೂರೈಸಿದ ಸರಕಿಗೆ ಮಾತ್ರ. ಯಾವ ಬಂದರಿನಿಂದ ಹೊರಟಿತು ಎಂಬುದು ಮೂಲವನ್ನು ತೀರ್ಮಾನಿಸುವುದಿಲ್ಲ.

ಮೊದಲು ಸರಕಿನ ಎಚ್‌ಎಸ್ ಕೋಡ್ (ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) ಗುರುತಿಸಿ, ಆ ಕೋಡಿಗೆ ಒಪ್ಪಂದದ ಅನುಬಂಧದಲ್ಲಿರುವ ನಿಯಮವನ್ನು ಓದಿಕೊಳ್ಳಬೇಕು. ಕೆಲವು ಸರಕುಗಳಲ್ಲಿ ಹೊರದೇಶದ ಕಚ್ಚಾವಸ್ತು ಬೇರೆ ಸುಂಕ ಶೀರ್ಷಿಕೆಗೆ (ಆ ವರ್ಗೀಕರಣದ ಬೇರೆ ವರ್ಗಕ್ಕೆ) ಸೇರುವಷ್ಟು ಮಾರ್ಪಟ್ಟಿರಬೇಕು. ಪೆಟ್ರೋಲ್ ಕಾರಿನಂಥವುಗಳಲ್ಲಿ ಹೊರದೇಶದ ಭಾಗಗಳ ಮೌಲ್ಯ ಕಾರ್ಖಾನೆ ಬೆಲೆಯ ಶೇ 45ನ್ನು ಮೀರಬಾರದು. ಒಕ್ಕೂಟದ ಮೂಲವಿರುವ ಬಿಡಿಭಾಗಗಳನ್ನು ಬ್ರಿಟನ್ನಿನ ತಯಾರಕರು ತಮ್ಮದೆಂದೇ ಲೆಕ್ಕ ಹಾಕಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಬಾಂಗ್ಲಾದೇಶದಲ್ಲಿ ಹೊಲಿದ ಅಂಗಿಯನ್ನು ಬ್ರಿಟನ್ನಿನಲ್ಲಿ ಪೆಟ್ಟಿಗೆಗೆ ತುಂಬಿ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಬ್ರಿಟನ್ನಿನದಾಗುವುದಿಲ್ಲ. ಹಾಗೆಯೇ ಫ್ರಾನ್ಸಿನಿಂದ ಬ್ರಿಟನ್ನಿನ ಗೋದಾಮಿಗೆ ಬಂದ ಸರಕು ಯಾವ ಸಂಸ್ಕರಣೆಯೂ ಇಲ್ಲದೆ ಐರ್ಲೆಂಡಿಗೆ ಹೋದರೆ ಈ ಒಪ್ಪಂದದ ವಿನಾಯಿತಿ ಅನ್ವಯಿಸದು. ಒಕ್ಕೂಟಕ್ಕೆ ಮರಳಿದ ಸರಕಿಗೆ ಇರುವ ಪ್ರತ್ಯೇಕ ಸುಂಕ ವಿನಾಯಿತಿಗೆ ಅರ್ಹತೆಯಿದೆಯೇ ಎಂದು ನೋಡಬೇಕಾಗುತ್ತದೆ.

ಮೂಲ ಖಚಿತವಾದ ಮೇಲೆ ಒಪ್ಪಂದ ಸೂಚಿಸಿರುವ ಒಕ್ಕಣೆಯ ಘೋಷಣೆಯನ್ನು ಇನ್‌ವಾಯ್ಸ್‌ನಲ್ಲಿ ಅಥವಾ ಸರಕನ್ನು ವಿವರಿಸುವ ಬೇರೆ ವಾಣಿಜ್ಯ ದಾಖಲೆಯಲ್ಲಿ ಬರೆಯಬೇಕು. ಬ್ರಿಟನ್ನಿನ ರಫ್ತುದಾರರು ತಮ್ಮ ಇಒಆರ್‌ಐ ಸಂಖ್ಯೆಯನ್ನು (ಸುಂಕ ಇಲಾಖೆ ವ್ಯಾಪಾರಿಗೆ ಕೊಡುವ ಗುರುತಿನ ಸಂಖ್ಯೆ) ಕೊಡುತ್ತಾರೆ. ಒಕ್ಕೂಟದ ರಫ್ತುದಾರರಿಗೆ ಸರಕಿನ ಮೌಲ್ಯ 6,000 ಯೂರೊ ಮೀರಿದರೆ ಆರ್‌ಇಎಕ್ಸ್ (ಒಕ್ಕೂಟದ ನೋಂದಾಯಿತ ರಫ್ತುದಾರರ ವ್ಯವಸ್ಥೆ) ನೋಂದಣಿ ಅಗತ್ಯ. ರಫ್ತುದಾರರು ಪುರಾವೆಗಳನ್ನು ಕನಿಷ್ಠ 4 ವರ್ಷ ಕಾಪಾಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದೇ: ಬಿಡಿಭಾಗ ಒದಗಿಸಿದವರಿಂದ ಬರಹದಲ್ಲಿ ಮೂಲದ ಹೇಳಿಕೆ ಪಡೆಯದೆ ಘೋಷಣೆಗೆ ಸಹಿ ಹಾಕಿದರೆ, ತನಿಖೆ ಬಂದ ದಿನ ತೋರಿಸಲು ಏನೂ ಇರುವುದಿಲ್ಲ.

ಪೊಟ್ಟಣದ ಮೇಲಿನ ಬರಹ ಇದರಿಂದ ಬೇರೆಯದೇ ವಿಷಯ. ‘ಮೇಡ್ ಇನ್ ಬ್ರಿಟನ್’ ಎಂಬುದು ಸುಂಕ ವಿನಾಯಿತಿಗೆ ಪುರಾವೆಯಲ್ಲ. ಒಕ್ಕೂಟದ ಸಿಇ, ಬ್ರಿಟನ್ನಿನ ಯುಕೆಸಿಎ ಗುರುತುಗಳು ಉತ್ಪನ್ನವು ನಿಗದಿತ ನಿಯಮಗಳಿಗೆ ಅನುಗುಣವಾಗಿದೆ ಎನ್ನುತ್ತವೆಯೇ ಹೊರತು ಮೂಲವನ್ನು ಹೇಳುವುದಿಲ್ಲ. ಬ್ರಿಟನ್ನಿನ ಆಹಾರವನ್ನು ಒಕ್ಕೂಟದ ಮೂಲದ್ದೆಂದು ನಮೂದಿಸುವಂತಿಲ್ಲ. ಉತ್ತರ ಐರ್ಲೆಂಡಿನ ವ್ಯಾಪಾರಕ್ಕಾಗಿ ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ ವಿಂಡ್ಸರ್ ಚೌಕಟ್ಟಿನ ಸರಳ ವ್ಯವಸ್ಥೆಯಡಿ ಬ್ರಿಟನ್ನಿನಿಂದ ಅಲ್ಲಿಗೆ ಹೋಗುವ ಮಾಂಸ, ಹಾಲಿನಂಥ ಆಹಾರಗಳಿಗೆ ‘ನಾಟ್ ಫಾರ್ ಇಯು’ (ಒಕ್ಕೂಟಕ್ಕಲ್ಲ) ಎಂಬ ಚೀಟಿ ಬೇಕಾಗುತ್ತದೆ.

ಆಮದಿನ ದಿನ ಪುರಾವೆ ಕೈಯಲ್ಲಿಲ್ಲದಿದ್ದರೆ ಊಹೆಯ ಮೇಲೆ ವಿನಾಯಿತಿ ಕೇಳುವುದಕ್ಕಿಂತ ಸುಂಕ ಕಟ್ಟುವುದು ಕ್ಷೇಮ. ಆಮದುದಾರರು 3 ವರ್ಷದೊಳಗೆ ಪುರಾವೆ ಒದಗಿಸಿ ಆ ಹಣವನ್ನು ಮರಳಿ ಕೇಳಬಹುದು.