ಗೋಡೆ ಬೇಡ, ದಾಸವಾಳ ಸಾಕು
ದಾರಿಹೋಕರ ಕಣ್ಣು ತಪ್ಪಿಸಲು ಕಾಂಪೌಂಡ್ ಎತ್ತರಿಸುವುದು ನನಗೆ ಒಗ್ಗದು. ದುಡ್ಡೂ ಹೋಗುತ್ತದೆ, ಗಾಳಿಯೂ ನಿಲ್ಲುತ್ತದೆ. ಶಿರಸಿಯ ನಮ್ಮ ಅಂಗಳಕ್ಕೆ ಕೆಂಪು ದಾಸವಾಳವೇ ಮರೆ. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಎರಡು ಸಾಲಿರಲಿ, 2 ಅಡಿ ಅಂತರ. ಗಿಡಕ್ಕೆ ಗಿಡ ಎದುರಾಗಬಾರದು. ಮೊಣಕಾಲೆತ್ತರ ಬಂದೊಡನೆ ಕುಡಿ ಚಿವುಟಿ. ಹೂವಿನ ಆಸೆಗೆ ಇದನ್ನು ಮುಂದೂಡುವವರೇ ಹೆಚ್ಚು. ಆಮೇಲೆ ಮೇಲೆಲ್ಲ ಕೊಡೆ, ಬುಡವೆಲ್ಲ ಬೋಳು. ಸವರುವಾಗಲೂ ಬುಡ ಅಗಲ, ನೆತ್ತಿ ಕಿರಿದಾಗಿರಲಿ, ಕೆಳಗಿನ ರೆಂಬೆಗೂ ಬಿಸಿಲು ಸಿಗುತ್ತದೆ. ದನ ನುಗ್ಗುವ ಬದಿಗೆ ಮಾತ್ರ ಆಡುಸೋಗೆ ಹಾಕಿ. ಆ ಕಹಿ ಎಲೆಗೆ ಅವು ಬಾಯಿ ಹಾಕುವುದಿಲ್ಲ.