ಅಣಬೆಗೆ 26 ಸಲ ಬೇಡ ಅಂದೆ

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು. ಬೆಳಿಗ್ಗೆ ನಿಂತುಕೊಂಡೇ ಹೋಗುವುದು. ಸಂಜೆ ಯಶವಂತಪುರದಲ್ಲಿ ಹತ್ತಿದರೆ ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟುವಷ್ಟರಲ್ಲಿ ಎಲ್ಲೋ ಅರ್ಧ ಸೀಟು ಸಿಗುತ್ತದೆ. ಕೂತ ತಕ್ಷಣ ಚೀಲದಿಂದ ಹಳೇ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ ಅನ್ನುವ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಹೊರಗೆ ತೆಗೆಯುತ್ತೇನೆ. ಮಡಚಿದರೆ ಅಂಗೈಯಷ್ಟೇ. ಪಕ್ಕದವರು ಒಂದು ಸಲ ಇಣುಕುತ್ತಾರೆ, ಇಷ್ಟು ವಯಸ್ಸಾದವನಿಗೆ ಇದೇನು ಹುಚ್ಚು ಅಂದುಕೊಂಡು ತಮ್ಮ ಫೋನಿಗೆ ವಾಪಸ್ ಹೋಗುತ್ತಾರೆ.

ಎಸ್‌ಪಿ ನನ್ನ ಮಾವನ ಮಗ ದುಬೈಯಿಂದ ತಂದದ್ದು. ಅವನಿಗೆ ಬೇಜಾರಾದ ಮೇಲೆ ನನ್ನ ಪಾಲಿಗೆ ಬಂತು. ಒಳಗಿದ್ದದ್ದು ಪೊಕೆಮಾನ್ ಎಮರಾಲ್ಡ್, 2004ರಲ್ಲಿ ಜಪಾನಿನಲ್ಲಿ ಬಂದ ಆಟ. ಪೊಕೆಮಾನ್ ಅನ್ನುವ ವಿಚಿತ್ರ ಜೀವಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವುದು. ನಾನು ಹೇಳಹೊರಟಿರುವುದು ಅದರಲ್ಲಿರುವ ಒಂದು ಅಣಬೆಯ ಕಥೆ. ಚಿಕ್ಕದಿದ್ದಾಗ ಹೆಸರು ಶ್ರೂಮಿಶ್, ದೊಡ್ಡದಾದರೆ ಬ್ರೆಲೂಮ್. ಶ್ರೂಮಿಶ್ ಬರೀ ಗ್ರಾಸ್ ಟೈಪ್, ಅಂದರೆ ಹುಲ್ಲಿನ ಜಾತಿ. ಬ್ರೆಲೂಮ್ ಆದಾಗ ಗ್ರಾಸ್ ಜೊತೆ ಫೈಟಿಂಗ್ ಕೂಡ ಸೇರುತ್ತದೆ, ಅಂದರೆ ಗುದ್ದಾಡುವ ಗಿಡ. ಅಣಬೆ ಗಿಡವೇ ಅಲ್ಲ, ಅದು ಬೇರೆ ಮಾತು. ಆಟ ಮಾಡಿದವರು ಅದನ್ನು ಗಿಡಗಳ ಜೊತೆಗೇ ಸೇರಿಸಿದ್ದಾರೆ, ನಾವು ಸಂತೆಯಲ್ಲಿ ಅಣಬೆಯನ್ನು ತರಕಾರಿ ಅನ್ನುವುದಿಲ್ಲವೇ ಹಾಗೆ.

ಮೊದಲನೇ ಸಲ ಶ್ರೂಮಿಶ್ ಪರದೆ ಮೇಲೆ ಬಂದಾಗ ನಾನು ಮನೆಯಲ್ಲಿದ್ದೆ. ಪೆಟಲ್‌ಬರ್ಗ್ ವುಡ್ಸ್ ಅನ್ನುವ ಕಾಡಿನ ಹುಲ್ಲಲ್ಲಿ ಸಿಕ್ಕಿತು. ಅಮ್ಮ ಹಿಂದಿನಿಂದ ನೋಡಿ, "ಏನೋ ಅದು, ಹುತ್ತದ ಅಣಬೆ ಮುಖ ಊದಿಸಿಕೊಂಡು ಕೂತಂಗಿದೆ" ಅಂದಳು. ಅವಳ ತವರು ದೇವರಾಯನದುರ್ಗದ ತಪ್ಪಲು. ಗುಡುಗು ಬಂದ ಮಾರನೇ ದಿನ ಹುತ್ತದ ಮೇಲೆ ಅಣಬೆ ಏಳುತ್ತೆ ಅಂತ ಅಲ್ಲಿ ಮಾತು. ಬೆಳಿಗ್ಗೆ ಬೇಗ ಹೋದವರಿಗೆ ಸಾರು. ನಾನು ಅದಕ್ಕೆ 'ಅಣಬೆ' ಅಂತಲೇ ಹೆಸರಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಐದೇ ಅಕ್ಷರ, ಆಟ ಹತ್ತರವರೆಗೆ ಬಿಡುತ್ತದೆ.

ಶುರುವಿನಲ್ಲಿ ಅಣಬೆ ತುಂಬ ಕೆಲಸಕ್ಕೆ ಬಂತು. ರಸ್ಟ್‌ಬರೋ ಊರಿನಲ್ಲಿ ಸೋಲಿಸಬೇಕಾದ ಎದುರಾಳಿ ರೊಕ್ಸಾನ್ ಬಳಿ ಇರುವುದೆಲ್ಲ ಕಲ್ಲಿನ ಜಾತಿ. ಅಬ್ಸಾರ್ಬ್ ಅನ್ನುವ ಸಣ್ಣ ಏಟಿಗೇ ಜಿಯೋಡ್ಯೂಡ್ ಪುಡಿ. ಲೆವೆಲ್ 23ಕ್ಕೆ ಅದು ಬೆಳೆಯಲು ಹೊರಟಿತು, ನಾನು ಖುಷಿಯಿಂದ ಬಿಟ್ಟೆ. ತಲೆ ಮೇಲೆ ಹಸಿರು ಟೋಪಿ, ಚಾಚಿಕೊಳ್ಳುವ ಕೈ, ಬಾಲದ ತುದಿಗೆ ಬೀಜದ ಸರ. ಆ ಬೀಜಗಳು ಗಟ್ಟಿಯಾದ ವಿಷದ ಪುಡಿಯಂತೆ, ಕಚ್ಚಿದರೆ ಹೊಟ್ಟೆ ಕೆಡುತ್ತದಂತೆ. ಗುರುತು ಸಿಗದ ಅಣಬೆ ಮುಟ್ಟಬೇಡ ಅನ್ನುವ ಅಮ್ಮನ ಮಾತನ್ನೇ ಆಟದೊಳಗಿನ ಮಾಹಿತಿ ಪುಸ್ತಕ ಪೊಕೆಡೆಕ್ಸ್ ಬೇರೆ ರೀತಿಯಲ್ಲಿ ಹೇಳಿದಂತಿತ್ತು.

ಬೆಳೆದ ಕೂಡಲೇ ಮ್ಯಾಕ್ ಪಂಚ್ ಕಲಿಯಿತು. ಎದುರಾಳಿ ಎಷ್ಟೇ ಚುರುಕಿದ್ದರೂ ಈ ಗುದ್ದು ಮೊದಲು ಬೀಳುತ್ತದೆ. ಬ್ರೆಲೂಮಿನ ಅಟ್ಯಾಕ್ 130, ಸ್ಪೀಡ್ ಬರೀ 70. ಹಾಗಾಗಿ ಮೊದಲು ಬೀಳುವ ಗುದ್ದು ಇದಕ್ಕೆ ವರ ಇದ್ದಂತೆ. ಇನ್ನೊಬ್ಬ ಎದುರಾಳಿ ವಾಟ್ಸನ್‌ನ ಮ್ಯಾಗ್ನೆಟಾನ್ ಸ್ಟೀಲ್ ಜಾತಿಯೂ ಆದ್ದರಿಂದ ಗುದ್ದಿಗೆ ಡಬಲ್ ಏಟು ತಿಂದಿತು, ಅವನ ಕರೆಂಟು ನಮ್ಮ ಹುಲ್ಲಿಗೆ ಅರ್ಧವೇ ತಾಗಿತು. ನಾರ್ಮನ್‌ನ ಸ್ಲೇಕಿಂಗ್ ಒಂದು ಸುತ್ತು ಹೊಡೆದರೆ ಇನ್ನೊಂದು ಸುತ್ತು ಸುಮ್ನೆ ಬಿದ್ದುಕೊಂಡಿರುತ್ತದೆ. ಅಷ್ಟು ಸಾಕಾಯಿತು. ಇಲ್ಲಿ ಹೊಸಬರು ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ, ನಾನೂ ಮಾಡಿದ್ದೆ. ಮೆಗಾ ಡ್ರೇನ್ ಇದೆಯಲ್ಲ ಅಂತ ಅದನ್ನೇ ಬಾರಿಸುತ್ತಿದ್ದೆ. ಎಮರಾಲ್ಡ್ ಕಾಲದ ಆಟಗಳಲ್ಲಿ ಏಟು ಕೈಯಿಂದಲೋ ಶಕ್ತಿಯಿಂದಲೋ ಅನ್ನುವುದು ಟೈಪ್ ಮೇಲೆ ಹೋಗುತ್ತದೆ. ಗ್ರಾಸ್ ಏಟೆಲ್ಲ ಸ್ಪೆಷಲ್, ಅಂದರೆ ಶಕ್ತಿಯದು. ಬ್ರೆಲೂಮಿನ ಸ್ಪೆಷಲ್ ಅಟ್ಯಾಕ್ 60 ಅಷ್ಟೇ. ಒಂದೊಂದು ಏಟಿಗೂ ಬೇರೆ ಬೇರೆ ಲೆಕ್ಕ ಬಂದಿದ್ದು 2006ರ ಡೈಮಂಡ್, ಪರ್ಲ್ ಆಟಗಳಿಂದ. ಎಮರಾಲ್ಡ್‌ನಲ್ಲಿ ಬ್ರೆಲೂಮ್ ಅಂದರೆ ಗುದ್ದು, ಹುಲ್ಲು ಬರೀ ಹೆಸರಿಗೆ.

ವಿನೋನಾ ಅನ್ನುವ ಎದುರಾಳಿ ಹತ್ತಿರ ಮಾತ್ರ ಹೊರಗೇ ತೆಗೆಯುವಂತಿರಲಿಲ್ಲ. ಹಾರುವ ಜಾತಿಯ ಏಟು ಇದಕ್ಕೆ ನಾಲ್ಕು ಪಟ್ಟು. ಒಂದು ಸಲ ಆಸೆಪಟ್ಟು ಬಿಟ್ಟೆ, ಕೊಕ್ಕು ತಾಗಿದ್ದೇ ತಡ ಮಲಗಿತು.

ಕಥೆ ಮುಗಿಯಿತು, ಚಾಂಪಿಯನ್ ವಾಲೇಸ್‌ನನ್ನೂ ಸೋಲಿಸಿದೆ. ಆಮೇಲೆ ಗೊತ್ತಾಯಿತು, ನನ್ನ ಅಣಬೆಗೆ ಅದರ ಅಸಲಿ ವಿದ್ಯೆಯೇ ಬಂದಿಲ್ಲ ಅಂತ. ಸ್ಪೋರ್ ಅಂತ ಒಂದು ಪುಡಿ. ಎರಚಿದರೆ ಎದುರಿಗಿದ್ದದ್ದು ನಿದ್ದೆ ಹೋಗುತ್ತದೆ, ನೂರಕ್ಕೆ ನೂರು, ಗುರಿ ತಪ್ಪುವುದೇ ಇಲ್ಲ. ಆದರೆ ಇವೆರಡರಲ್ಲಿ ಅದನ್ನು ಕಲಿಯುವುದು ಶ್ರೂಮಿಶ್ ಮಾತ್ರ, ಅದೂ ಲೆವೆಲ್ 54ಕ್ಕೆ. ಬ್ರೆಲೂಮ್ ಆದಮೇಲೆ ಎಷ್ಟು ಲೆವೆಲ್ ಏರಿಸಿದರೂ ಬರುವುದಿಲ್ಲ. ಫಾಲರ್‌ಬರ್ ಊರಿನಲ್ಲಿ ಮರೆತ ಏಟು ನೆನಪಿಸುವವನೂ ಕೊಡುವುದಿಲ್ಲ. ಹೊಸ ಆಟ ಆಡುವವರು ಪುಣ್ಯವಂತರು, ಈಗೆಲ್ಲ 40ಕ್ಕೇ ಸಿಗುತ್ತದೆ. ಆದರೆ 2013ರ ಎಕ್ಸ್, ವೈ ಆಟಗಳು ಬಂದಮೇಲೆ ಗ್ರಾಸ್ ಜಾತಿಗೆ ಪುಡಿ ತಾಗುವುದಿಲ್ಲ ಅನ್ನುವ ನಿಯಮವೂ ಬಂತು. ಎಮರಾಲ್ಡ್‌ನಲ್ಲಿ ಆ ತಕರಾರಿಲ್ಲ.

ಅದಕ್ಕೇ ಎರಡನೇ ಶ್ರೂಮಿಶ್ ಹಿಡಿದೆ. ಅದೇ ಕಾಡು, ಲೆವೆಲ್ 6. ಇದರ ಹೆಸರು 'ಹುತ್ತ'.

ಲೆವೆಲ್ 23ಕ್ಕೆ ಬೇಕಾದ ಒಟ್ಟು ಎಕ್ಸ್‌ಪೀರಿಯನ್ಸ್ 9,003. 54ಕ್ಕೆ ಬೇಕಾದದ್ದು 1,85,807. ಇಪ್ಪತ್ತು ಪಟ್ಟು. ಶ್ರೂಮಿಶ್ ಬೆಳೆಯುವ ರೀತಿಯೇ ಹಾಗೆ, ಮೊದಲು ಸರಸರ ಏರಿ ಆಮೇಲೆ ಭಾರವಾಗುತ್ತದೆ. ಪುಟ್ಟ ಅಣಬೆಯನ್ನು ಬಲಿಷ್ಠರ ಎದುರು ನಿಲ್ಲಿಸಿದರೆ ಸಾಯುತ್ತದೆ. ಡೆವನ್ ಕಂಪನಿ ಯಜಮಾನ ಕೊಡುವ ಎಕ್ಸ್‌ಪಿ ಶೇರ್ ಅದರ ಕೈಗೆ ಕೊಟ್ಟೆ. ಇದ್ದರೆ ಅರ್ಧ ಪಾಲು ಕೂತಲ್ಲಿಗೇ ಬರುತ್ತದೆ. ಎವರ್‌ಸ್ಟೋನ್ ಹಿಡಿಸಿದ್ದರೆ ಬೆಳೆಯುವ ಕಾಟವೇ ಇರುತ್ತಿರಲಿಲ್ಲ, ಆದರೆ ಕೈಯಲ್ಲಿ ಒಂದೇ ವಸ್ತು ಹಿಡಿಯಬಹುದು. ಎರಡರಲ್ಲಿ ಒಂದು. ನಾನು ಪಾಲು ಆರಿಸಿಕೊಂಡು, ಬೆಳೆಯುವುದನ್ನು ಬಿ ಬಟನ್‌ನಿಂದ ತಡೆಯುವುದು ಅಂತ ತೀರ್ಮಾನ ಮಾಡಿದೆ.

ನನ್ನ ಇನ್ನೊಂದು ಪೊಕೆಮಾನ್ ಸ್ವಾಂಪರ್ಟ್ ಮುಂದೆ, ಹುತ್ತ ಹಿಂದೆ. ಎಲೀಟ್ ಫೋರ್, ಅಂದರೆ ಆಟದ ಕೊನೆಯಲ್ಲಿ ಬರುವ ನಾಲ್ವರು ಬಲಿಷ್ಠರ ಸುತ್ತು ಶುರು. ಸಿಡ್ನಿ, ಫೀಬಿ, ಗ್ಲೇಸಿಯಾ, ಡ್ರೇಕ್, ಆಮೇಲೆ ವಾಲೇಸ್. ಒಂದು ಸುತ್ತು ಮುಗಿಸಲು ಎರಡು ಸಂಜೆ. ನನ್ನ ಅಳತೆ ಸ್ಟೇಷನ್ನುಗಳದು. ಸೋಲದೇವನಹಳ್ಳಿಯಲ್ಲಿ ಸಿಡ್ನಿ ಬಾಗಿಲು, ದೊಡ್ಡಬೆಲೆ ಬರುವಷ್ಟರಲ್ಲಿ ಫೀಬಿ, ಹಿರೇಹಳ್ಳಿಯಲ್ಲಿ ಗ್ಲೇಸಿಯಾ ಮುಗಿಯಬೇಕು. ಕ್ಯಾತ್ಸಂದ್ರ ಬಂದರೆ ಏನೇ ಆಗಲಿ ಸೇವ್ ಮಾಡಿ ಮಡಚುವುದು. ಮುಂದಿನದು ತುಮಕೂರು, ಇಳಿಯುವ ಗಡಿಬಿಡಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸೇವ್ ಮಾಡಬಹುದು, ಅದೇ ದೊಡ್ಡ ಅನುಕೂಲ.

ಲೆವೆಲ್ ಏರಿದ ಪ್ರತಿ ಕಾಳಗ ಮುಗಿದ ಮೇಲೆ ಸಂಗೀತ ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ, ಹುತ್ತ ಬೆಳ್ಳಗೆ ಹೊಳೆಯಲು ಶುರು. ಬಿ. ಮುಖ ಊದಿಸಿಕೊಂಡೇ ವಾಪಸ್. ಮುಂದಿನ ಲೆವೆಲ್‌ಗೆ ಮತ್ತೆ ಅದೇ. ಪಾಪ ಅನ್ನಿಸುತ್ತಿತ್ತು, ಸುಳ್ಳಲ್ಲ. ಒಂದೇ ಕಾಳಗದಲ್ಲಿ ಎರಡು ಲೆವೆಲ್ ಏರಿದರೂ ಕೇಳುವುದು ಒಂದೇ ಸಲ, ಆದ್ದರಿಂದ 23ರಿಂದ 53ರವರೆಗೆ 31 ಸಲ ಬೇಡ ಅನ್ನಬೇಕಾದದ್ದು ನನಗೆ 26 ಸಲ ಆಯಿತು. ಟಿಕೆಟ್ಟಿನ ಹಿಂದೆ ಗೀಟು ಹಾಕಿ ಎಣಿಸಿದ್ದೆ.

ಲೆವೆಲ್ 47ರಲ್ಲಿ ಒಂದು ಸಲ ಕೈ ತಪ್ಪಿತು. ಕಡಲೆಕಾಯಿ ಮಾರುವವನ ಹತ್ತಿರ ಚಿಲ್ಲರೆ ಇಸ್ಕೊಳ್ಳುತ್ತಿದ್ದೆ. ಹತ್ತು ರೂಪಾಯಿ ಜೇಬಿಗೆ ಹಾಕಿ ತಲೆ ತಗ್ಗಿಸಿದರೆ ಪರದೆಯಲ್ಲಿ ಹಸಿರು ಟೋಪಿ, ಚಾಚಿದ ಕೈ, ಶುಭಾಶಯದ ಸಂಗೀತ. ಎದೆ ಧಸಕ್ಕೆಂದಿತು. ಹಿಂದಿನ ಬಾಗಿಲಲ್ಲೇ ಸೇವ್ ಮಾಡಿದ್ದೆ, ಪುಣ್ಯ. ಸ್ವಿಚ್ ಆರಿಸಿ ಮತ್ತೆ ಹಚ್ಚಿ ಫೀಬಿ ಜೊತೆ ಇನ್ನೊಂದು ಸಲ ಬಡಿದಾಡಿದೆ. ಅಂದಿನಿಂದ ಕಡಲೆಕಾಯಿಗೆ ಸರಿಯಾದ ಚಿಲ್ಲರೆ ಮೊದಲೇ ಎತ್ತಿಟ್ಟುಕೊಳ್ಳುತ್ತೇನೆ.

ಈ ಮಧ್ಯೆ ಇನ್ನೊಂದು ಕಾಟ. ಆಟ ಹಚ್ಚಿದ ಕೂಡಲೇ ಒಳಗಿನ ಬ್ಯಾಟರಿ ಒಣಗಿದೆ ಅನ್ನುವ ಸಂದೇಶ. ಇದನ್ನು ನೋಡಿ ಸೇವ್ ಹೋಯಿತು ಅಂತ ಹೆದರುವವರು ಜಾಸ್ತಿ. ಹೆದರಬೇಡಿ. ಎಮರಾಲ್ಡ್‌ನ ಸೇವ್ ಫ್ಲ್ಯಾಶ್ ಮೆಮೊರಿಯಲ್ಲಿ ಇರುತ್ತದೆ. ಬ್ಯಾಟರಿ ಇರುವುದು ಗಡಿಯಾರಕ್ಕೆ ಮಾತ್ರ. ಗಡಿಯಾರ ನಿಂತರೆ ನೆಟ್ಟ ಬೆರ್ರಿ ಬೆಳೆಯುವುದಿಲ್ಲ. ಊರಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಕಾರ್ಟ್ರಿಜ್ ಬಿಚ್ಚಿಸಿ ಸಿಆರ್ 1616 ಬ್ಯಾಟರಿ ಬೆಸೆಸಿದೆ. ಮೂರು ಮೂಲೆಯ ಸ್ಕ್ರೂ ಅದು, ಎಲ್ಲರ ಹತ್ತಿರವೂ ಆ ಸ್ಕ್ರೂಡ್ರೈವರ್ ಇರುವುದಿಲ್ಲ, ಕೇಳಿಕೊಂಡು ಹೋಗಿ.

ಎಂಟನೇ ಸುತ್ತು, ಡ್ರೇಕ್‌ನ ಕೋಣೆ. ಹುತ್ತ 54ಕ್ಕೆ ಏರಿತು. ಕಾಳಗದ ನಡುವೆಯೇ ಕೇಳಿತು, ಸ್ಪೋರ್ ಕಲಿಯಲೇ ಅಂತ. ಹೆಡ್‌ಬಟ್ ಮರೆಸಿದೆ. ಕಾಳಗ ಮುಗಿಯಿತು, ಪರದೆ ಕಪ್ಪು. ಹೆಬ್ಬೆರಳು ಅಭ್ಯಾಸಬಲದಿಂದ ಬಿ ಮೇಲೆ ಹೋಗಿತ್ತು, ಎಡಗೈಯಿಂದ ಎಳೆದುಕೊಂಡೆ. ಬೆಳೆಯಿತು. ಬೆಳೆದ ತಕ್ಷಣ ಡೈನಾಮಿಕ್‌ಪಂಚ್ ಕಲಿಯಲೇ ಅಂತ ಕೇಳಿತು. ಬ್ರೆಲೂಮ್ ಅದನ್ನು ಕಲಿಯುವುದೂ ಸರಿಯಾಗಿ 54ಕ್ಕೇ. ಹಾಗಾಗಿ 54ಕ್ಕೆ ಬೆಳೆಸಿದರೆ ಎರಡೂ ಸಿಗುತ್ತವೆ. ನಾನು ಬೇಡ ಅಂದೆ, ನೂರರಲ್ಲಿ ಐವತ್ತು ಸಲ ತಪ್ಪುವ ಗುದ್ದು ನನಗೆ ಆಗಿಬರುವುದಿಲ್ಲ. ಎವರ್ ಗ್ರಾಂಡೆ ಬಳಿ ಗಾಳ ಹಾಕಿ ಲವ್‌ಡಿಸ್ಕ್ ಅನ್ನುವ ಮೀನು ಹಿಡಿದು, ಅವು ಹೊತ್ತು ತರುವ ಹಾರ್ಟ್ ಸ್ಕೇಲ್ ಎರಡು ಕೂಡಿಸಿದೆ. ಫಾಲರ್‌ಬರ್‌ನಲ್ಲಿ ಅವನ್ನು ಕೊಟ್ಟು ಮ್ಯಾಕ್ ಪಂಚ್, ಸ್ಕೈ ಅಪ್ಪರ್‌ಕಟ್ ತುಂಬಿಸಿದೆ. ನಾಲ್ಕನೆಯದು ಲೀಚ್ ಸೀಡ್.

ಸ್ಪೋರ್‌ನ ನಿಜವಾದ ಬೆಲೆ ಗೊತ್ತಾದದ್ದು ಕಯೋಗ್ರೆ ಅನ್ನುವ ದೊಡ್ಡ ನೀರಿನ ಪೊಕೆಮಾನ್ ಹಿಡಿಯುವಾಗ. ಕಥೆ ಮುಗಿದ ಮೇಲೆ ಸಮುದ್ರದ ಒಂದು ಕಡೆ ವಿಪರೀತ ಮಳೆ ಸುರಿಯುತ್ತದೆ, ಅಲ್ಲಿ ಮುಳುಗಿದರೆ ಮರೀನ್ ಕೇವ್ ಅನ್ನುವ ಗುಹೆ. ಒಳಗೆ ಲೆವೆಲ್ 70ರ ಕಯೋಗ್ರೆ. ನಿದ್ದೆಯಲ್ಲಿರುವ ಪೊಕೆಮಾನ್ ನಾವು ಹಿಡಿಯಲು ಎಸೆಯುವ ಚೆಂಡಿಗೆ ಸಿಗುವ ಸಾಧ್ಯತೆ ಈ ಆಟದಲ್ಲಿ ಎರಡು ಪಟ್ಟು. ನೀರಿನ ಏಟು ಹುಲ್ಲಿಗೆ ಅರ್ಧ ತಾನೇ ಅಂತ ಧೈರ್ಯವಾಗಿ ಹುತ್ತನನ್ನು ಮುಂದೆ ಬಿಟ್ಟೆ. ಹೈಡ್ರೋ ಪಂಪ್ ಬಂತು, ಒಂದೇ ಏಟಿಗೆ ಮಲಗಿತು. ಮಳೆ ಇದ್ದರೆ ನೀರಿನ ಏಟು ಒಂದೂವರೆ ಪಟ್ಟು ಅನ್ನುವುದು ತಲೆಯಲ್ಲೇ ಇರಲಿಲ್ಲ. ಕಯೋಗ್ರೆ ಬಂದರೆ ಮಳೆ ತಾನಾಗಿಯೇ ಶುರುವಾಗುತ್ತದೆ. ಎರಡನೇ ಸಲ ಶಿಯರ್ ಕೋಲ್ಡ್. ಬಿದ್ದರೆ ಸಾವೇ. ಬೀಳುವ ಸಾಧ್ಯತೆ 30, ಅದಕ್ಕೆ ಲೆವೆಲ್‌ಗಳ ವ್ಯತ್ಯಾಸ ಕೂಡುತ್ತದೆ. ಹುತ್ತ ಆಗ 56, ಅಂದರೆ ನೂರಕ್ಕೆ 44.

ಮೂರನೇ ಸಲ ಕಯೋಗ್ರೆ ಡಬಲ್ ಎಡ್ಜ್ ಹೊಡೆಯಿತು. ಹುತ್ತನ ಜೀವದ ಗೀಟು ಕೆಂಪಿಗೆ ಬಂತು, ಆದರೂ ನಿಂತಿತು. ಪುಡಿ ಎರಚಿತು. ಕಯೋಗ್ರೆ ಕಣ್ಣು ಮುಚ್ಚಿತು. ಆ ಸುತ್ತು ಅಲ್ಟ್ರಾ ಬಾಲ್ ಎಸೆಯುವ ಚಪಲ ತಡೆದು ಸ್ಕೈ ಅಪ್ಪರ್‌ಕಟ್ ಹೊಡೆದೆ, ಮತ್ತೆ ಪುಡಿ, ಮತ್ತೆ ಗುದ್ದು. ಎಷ್ಟು ಸುತ್ತು ಮಲಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ಅದೇ ಎದೆ ಬಡಿತ. ಸುತ್ತು ಕಳೆದಷ್ಟೂ ಬಲ ಹೆಚ್ಚುವ ಟೈಮರ್ ಬಾಲ್ ಕೊನೆಗೆ ಇಟ್ಟುಕೊಂಡಿದ್ದೆ. ಮೂರು ಸಲ ಅಲುಗಾಡಿ ಕಟ್ ಅಂತು. ತಲೆ ಎತ್ತಿದರೆ ರೈಲು ಹಿರೇಹಳ್ಳಿ ಬಿಟ್ಟಿತ್ತು.

ಇಷ್ಟೆಲ್ಲ ಕಷ್ಟಪಟ್ಟವನು ಹೇಳಬಾರದು, ಆದರೂ ಹೇಳುತ್ತೇನೆ. ಬರೀ ಕಥೆ ಮುಗಿಸುವವರು 23ಕ್ಕೇ ಬೆಳೆಯಲು ಬಿಡಿ. ವಾಟ್ಸನ್, ನಾರ್ಮನ್ ಎದುರು ಮ್ಯಾಕ್ ಪಂಚ್ ಕೊಟ್ಟ ಸುಖ 54ರವರೆಗೆ ಕಾಯುವ ಅಣಬೆ ಕೊಡುವುದಿಲ್ಲ. ಕಥೆ ಆದಮೇಲೆ ದೊಡ್ಡವನ್ನು ಹಿಡಿಯುವ ಆಸೆ ಇದ್ದರೆ ಮಾತ್ರ ಎರಡನೆಯದನ್ನು ಸಾಕಿ. ನನ್ನ ಅಣಬೆ ಹಾಗೂ ಹುತ್ತ ಎರಡೂ ಈಗ ಒಂದೇ ತಂಡದಲ್ಲಿವೆ, ಯಾರನ್ನೂ ಪೆಟ್ಟಿಗೆಗೆ ಹಾಕಲು ಮನಸ್ಸಿಲ್ಲ.

ದಸರಾ ರಜೆಗೆ ಅಕ್ಕನ ಮಗ ಬಂದಿದ್ದಾನೆ. "ಮಾಮಾ, ಒಂದು ಹೊಸ ಗೇಮ್ ಹಾಕ್ಕೊಡು" ಅಂತ ಬೆಳಿಗ್ಗೆಯಿಂದ ಹಿಂದೆ ಬಿದ್ದಿದ್ದಾನೆ. ಈ ಕಾರ್ಟ್ರಿಜ್‌ನಲ್ಲಿ ಸೇವ್ ಒಂದೇ. ಅವನು ಹೊಸದು ಶುರು ಮಾಡಿ ಸೇವ್ ಮಾಡಿದರೆ ನನ್ನದು ಅಳಿಯುತ್ತದೆ. ಚಾರ್ಜರ್ ಎಲ್ಲೋ ಕಳೆದುಹೋಗಿದೆ ಅಂತ ಹೇಳಿದ್ದೇನೆ. ಅದು ನನ್ನ ಆಫೀಸ್ ಚೀಲದಲ್ಲಿದೆ.